ಸಾಲದ ಹೊಲಕ್ಕೆ ಹಾಡಿನ ಒತ್ತಾಸೆ

ಮಳೆ ತಪ್ಪಿದಾಗ ಮಾತ್ರ ರೈತ ಕೆಡುತ್ತಾನೆಂದು ತಿಳಿಯುವುದು ವಾಡಿಕೆ. ಬೆಳೆ ಬಂದೂ ಹೊಲ ಹರಾಜಾಗುವುದುಂಟು. 1970ರ ದಶಕದಲ್ಲಿ ಅಮೆರಿಕದ ಬೇಸಾಯಗಾರರು ಭೂಮಿಯ ಏರುಬೆಲೆಯನ್ನು ನಂಬಿ, ಸಾಲ ತಂದು ನೆಲವನ್ನೂ ಯಂತ್ರಗಳನ್ನೂ ಕೊಂಡರು. 1980ರ ದಶಕದಲ್ಲಿ ಬಡ್ಡಿ ಏರಿತು, ಧಾನ್ಯದ ರಫ್ತು ಕುಗ್ಗಿತು, ಭೂಮಿಯ ಬೆಲೆ ಬಿದ್ದಿತು. ತಲೆಮಾರುಗಳಿಂದ ಉತ್ತ ನೆಲ ಸಾಲ ಕೊಟ್ಟವರ ಪಾಲಾಗತೊಡಗಿತು.

1985ರ ಜುಲೈ 13ರಂದು ಆಫ್ರಿಕದ ಕ್ಷಾಮಪೀಡಿತರಿಗಾಗಿ ಫಿಲಡೆಲ್ಫಿಯದಲ್ಲಿ ಸಂಗೀತಗೋಷ್ಠಿ ನಡೆಯಿತು. ಕೂಡಿದ ಹಣದಲ್ಲಿ ಕೊಂಚ ನಮ್ಮ ರೈತರ ಸಾಲಕ್ಕೂ ಸಲ್ಲಬಾರದೇ ಎಂಬರ್ಥದ ಮಾತನ್ನು ಗಾಯಕ ಬಾಬ್ ಡಿಲನ್ ಅಲ್ಲಿ ಆಡಿದರು. ಸಂದರ್ಭಕ್ಕೆ ಸಲ್ಲದ ಮಾತೆಂದು ಆಕ್ಷೇಪಿಸಿದವರೂ ಇದ್ದರು. ಆದರೆ ವಿಲ್ಲಿ ನೆಲ್ಸನ್, ನೀಲ್ ಯಂಗ್, ಜಾನ್ ಮೆಲೆನ್‌ಕ್ಯಾಂಪ್ ಅದನ್ನು ಕೈಗೆತ್ತಿಕೊಂಡರು. ಸೆಪ್ಟೆಂಬರ್ 22ರಂದು ಇಲಿನಾಯ್ ರಾಜ್ಯದ ಷಾಂಪೇನ್‌ನಲ್ಲಿ ಮೊದಲ ‘ಫಾರ್ಮ್ ಏಡ್’ ಗೋಷ್ಠಿ ನಡೆದು, 70 ಲಕ್ಷ ಡಾಲರಿಗೂ ಮಿಕ್ಕ ಹಣ ಕೂಡಿತು.

ದೇಶದ ರೈತರ ಸಾಲಕ್ಕೆ ಅದು ಯಾವ ಮೂಲೆಗೆ? ಸಂಸ್ಥೆಯವರು ಅಷ್ಟಕ್ಕೆ ನಿಲ್ಲದೆ, ರೈತರನ್ನೇ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ನಿಲ್ಲಿಸಿ ಅವರ ಕಷ್ಟವನ್ನು ಅವರ ಬಾಯಿಂದಲೇ ಕೇಳಿಸಿದರು. 1987ರ ಕೃಷಿಸಾಲ ಶಾಸನವು ಸಾಲವನ್ನು ಮರುಹೊಂದಿಸಿ ಹೊಲ ಉಳಿಸಿಕೊಳ್ಳುವ ದಾರಿಯನ್ನು ತೆರೆಯಿತು. ತಮ್ಮ ತುತ್ತಿಗೂ ಆ ಹೊಲಕ್ಕೂ ನಂಟುಂಟೆಂದು ಪೇಟೆಯವರು ಅರಿಯದೆ ಹೋಗಿದ್ದರೆ ಇಷ್ಟೂ ಕಷ್ಟಸಾಧ್ಯವಾಗುತ್ತಿತ್ತೆಂದು ನನ್ನ ಎಣಿಕೆ.