ಹಲಗಲಿಗೆ ದಂಡು ಬಂದ ಐತವಾರ

1857ರ ನವೆಂಬರ್ 29 ಐತವಾರವಾಗಿತ್ತು. ಕಂಪನಿ ಸರಕಾರದ ಕರ್ನಲ್ ಮಾಲ್ಕಂನ ಕುದುರೆ ದಂಡು ಹಲಗಲಿಯನ್ನು ಮುತ್ತಿದ್ದು ಆ ದಿನ. ಹತಾರ ಕೊಡಿ ಎಂಬ ಆಜ್ಞೆಗೆ ಅಲ್ಲಿನ ಬೇಡರು ಮಣಿಯಲಿಲ್ಲ. ಊರಿಗೆ ಬೆಂಕಿ ಬಿತ್ತು. ನೂರರಷ್ಟು ಜನ ಸತ್ತರು, ಸೆರೆ ಸಿಕ್ಕವರು 290. ಅವರಲ್ಲಿ 13 ಜನರನ್ನು ಡಿಸೆಂಬರ್ 11ರ ಶುಕ್ರವಾರ ಮುಧೋಳದಲ್ಲಿ, 6 ಜನರನ್ನು ಡಿಸೆಂಬರ್ 14ರಂದು ಹಲಗಲಿಯಲ್ಲೇ, ಜನ ನೋಡುವಂತೆ ಗಲ್ಲಿಗೇರಿಸಿದರು.

ನಮ್ಮ ಮಹಾಲಿಂಗಪುರವೂ ಆಗ ಮುಧೋಳ ಸಂಸ್ಥಾನದ್ದೇ. ನಾವೂ ಹಲಗಲಿಯವರೂ ಒಬ್ಬನೇ ಘೋರ್ಪಡೆ ದೊರೆಗೆ ಕಂದಾಯ ಕೊಟ್ಟವರು. ಹಾಗಾಗಿ ಹತ್ತನೇ ತರಗತಿಯಲ್ಲಿ 'ಹಲಗಲಿ ಬೇಡರು' ಲಾವಣಿ ಕಲಿಸುವಾಗ ಅದು ನನಗೆ ಪಠ್ಯ ಅನ್ನಿಸುತ್ತಿರಲಿಲ್ಲ, ಪಕ್ಕದ ಮನೆಯ ಸುದ್ದಿ ಅನ್ನಿಸುತ್ತಿತ್ತು. ಲಾವಣಿಯ ವೀರರಾದ ಪೂಜೇರಿ ಹನುಮ, ಬಾಲ, ಜಡಗ, ರಾಮರ ಹೆಸರಿನವರು ಇಂದಿಗೂ ನಮ್ಮ ಸಂತೆಯಲ್ಲಿ ಸಿಗುತ್ತಾರೆ. ಆ ಲಾವಣಿಯಲ್ಲಿ ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತಿದ್ದದ್ದು ಕಾಳಗದ ವರ್ಣನೆಯಲ್ಲ, ಲೂಟಿಯ ಪಟ್ಟಿ. ಕೊಡಲಿ, ನೇಗಿಲ ಕುಡ, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಕೊನೆಗೆ ಮಂಗಳಸೂತ್ರ, ಬೀಸುಕಲ್ಲು. ಕುರ್ತಕೋಟಿಯ ಕಲ್ಮೇಶನ ಅಂಕಿತದಲ್ಲಿ ಹಾಡಿದ ಆ ಕವಿ ಒಂದು ಬಡ ಅಡುಗೆಮನೆಯನ್ನೇ ಎಣಿಸಿ ಇಟ್ಟಿದ್ದಾನೆ. ಹತಾರ ಕೊಡಿ ಎಂದು ಬಂದ ಸರಕಾರ ಜೀರಿಗೆ ಡಬ್ಬಿಯನ್ನೂ ಬಿಡಲಿಲ್ಲ.

ಒಮ್ಮೆ ಒಬ್ಬ ಹುಡುಗ, ನೇಕಾರರ ಓಣಿಯವನು, ಎದ್ದು ನಿಂತು ಕೇಳಿದ: "ಸರ, ಆ ಸಾಹೇಬ್ರೂ ದೇವರಿಗೆ ಅಂಜವ್ರ ಇದ್ರಲ್ರಿ? ಐತವಾರಕ್ಕೊಮ್ಮೆ ಚರ್ಚಿಗಿ ಹೋಗವ್ರು. ಮತ್ತ ಬೀಸುಕಲ್ಲ ಯಾಕ ಒಯ್ದ್ರು?" ಕಂಪನಿ ಸರಕಾರದ ದುರಾಸೆ, ನಿಶ್ಶಸ್ತ್ರೀಕರಣದ ಕಾಯ್ದೆ, ಸಿಪಾಯಿ ದಂಗೆಯ ಅಂಜಿಕೆ ಇವೆಲ್ಲ ಸರಿಯಾದ ಉತ್ತರಗಳೇ. ಆದರೆ ಹುಡುಗ ಕೇಳಿದ್ದು ಸರಕಾರದ ಬಗ್ಗೆ ಅಲ್ಲ, ದೇವರ ಬಗ್ಗೆ. ಅವನ ಪ್ರಶ್ನೆಗೆ ಅದರ ಜಾಗದಲ್ಲೇ ಉತ್ತರ ಹುಡುಕಬೇಕು ಎಂದು ನಾನು ಕ್ರೈಸ್ತರ, ಯೆಹೂದ್ಯರ ಶಾಸ್ತ್ರಗಳನ್ನು ಓದತೊಡಗಿದೆ.

ಹಲಗಲಿಗೆ ದಂಡು ಬರುವುದಕ್ಕೆ ಸುಮಾರು ಏಳೂವರೆ ವಾರ ಮೊದಲು, ಅಕ್ಟೋಬರ್ 7ರ ಬುಧವಾರ, ಇಂಗ್ಲೆಂಡಿನಲ್ಲಿ ರಾಣಿಯ ಆಜ್ಞೆಯಂತೆ ಇಡೀ ದೇಶ ಉಪವಾಸ ಮಾಡಿ ಪ್ರಾರ್ಥಿಸಿತು. ಭಾರತದ ದಂಗೆ ತಮ್ಮ ಪಾಪಕ್ಕೆ ಬಂದ ಶಿಕ್ಷೆ, ಆದ್ದರಿಂದ ದೇವರ ಮುಂದೆ ತಗ್ಗಬೇಕು ಎಂಬುದು ಅದರ ಹಿಂದಿದ್ದ ಭಾವನೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಅಂದು 23,654 ಜನ ಸೇರಿದ್ದರು. ಅವರೆದುರು ಮಾತಾಡಿದವನು ಚಾರ್ಲ್ಸ್ ಸ್ಪರ್ಜನ್, ಬ್ಯಾಪ್ಟಿಸ್ಟ್ ಉಪದೇಶಕ, ವಯಸ್ಸು ಬರೀ 23. ಭಾರತದಲ್ಲಿ ಇಂಗ್ಲಿಷರು ಮಾಡಿದ ಪಾಪಗಳನ್ನು ಅವನು ಮುಚ್ಚಿಡಲಿಲ್ಲ. ಸಾಮಾನ್ಯವಾಗಿ ಯುದ್ಧವನ್ನೂ ಮರಣದಂಡನೆಯನ್ನೂ ಒಪ್ಪದ ಮನುಷ್ಯ ಅವನು. ಆದರೂ ಅಂದು ಹೇಳಿದ್ದು, ಇದು ಯುದ್ಧವೇ ಅಲ್ಲ, ಅಪರಾಧಿಗಳಿಗೆ ಕೊಡುವ ಶಿಕ್ಷೆ. ಸಿಪಾಯಿಗಳು ದೇಶಕ್ಕಾಗಿ ಎದ್ದವರಲ್ಲ, ತಾವೇ ಒಪ್ಪಿದ ನಿಷ್ಠೆಯನ್ನು ಮುರಿದವರು ಎಂದು. ಯುದ್ಧಕ್ಕೆ ಎದುರಾಳಿ ಬೇಕು, ಎದುರಾಳಿಗೆ ಹಕ್ಕುಗಳಿರುತ್ತವೆ. ಅಪರಾಧಿ ಎಂದುಬಿಟ್ಟರೆ ಸುಡುವವನ ಮನಸ್ಸಾಕ್ಷಿಗೆ ಕೆಲಸವೇ ಉಳಿಯುವುದಿಲ್ಲ.

ಈ ವಾದದ ಬೇರು ಬಹಳ ಹಳೆಯದು. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದ 13ನೇ ಅಧ್ಯಾಯದ ಮೊದಲ ಏಳು ವಚನಗಳಲ್ಲಿ ಆಳುವವರ ಅಧಿಕಾರ ದೇವರಿಂದ ಬಂದದ್ದು, ತಪ್ಪು ಮಾಡಿದವನನ್ನು ದಂಡಿಸಲು ಅವರ ಕೈಯಲ್ಲಿ ಖಡ್ಗವಿದೆ ಎಂಬ ಮಾತಿದೆ. ಕ್ರಿಸ್ತನ ಹಿಂದೆ ಹೋದ ಮೊದಲ ತಲೆಮಾರುಗಳವರಲ್ಲಿ ಆ ಖಡ್ಗ ಹಿಡಿಯಲು ಒಪ್ಪದವರು ಬಹಳ. 4ನೇ ಶತಮಾನದಲ್ಲಿ ರೋಮಿನ ಚಕ್ರವರ್ತಿಯೇ ಕ್ರೈಸ್ತನಾದ ಮೇಲೆ ಪ್ರಶ್ನೆ ತಿರುಗಿ ನಿಂತಿತು: ರಾಜ್ಯ ನಮ್ಮದೇ ಆಯಿತು, ಇನ್ನು ಖಡ್ಗ ಯಾರು ಹಿಡಿಯಬೇಕು? ಕ್ರೈಸ್ತ ಪಂಡಿತ ಅಗಸ್ಟೀನ್ ಇದರೊಡನೆ ಗುದ್ದಾಡಿದ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಮೂರು ಷರತ್ತು ಬರೆದಿಟ್ಟ. ಯುದ್ಧ ಸಾರುವವನಿಗೆ ಅಧಿಕಾರ ಇರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು. 1539ರಲ್ಲಿ ಸಾಲಮಾಂಕಾದ ಪಂಡಿತ ಫ್ರಾನ್ಸಿಸ್ಕೊ ದ ವಿತೋರಿಯಾ ತನ್ನ ಸ್ಪೇನ್ ದೊರೆಗಳು ಅಮೆರಿಕದಲ್ಲಿ ನಡೆಸಿದ್ದನ್ನು ಈ ತಕ್ಕಡಿಗೇ ಹಾಕಿದ. ನಮ್ಮ ಧರ್ಮ ಒಪ್ಪಲಿಲ್ಲ ಎಂಬುದು ಯುದ್ಧಕ್ಕೆ ನ್ಯಾಯವಾದ ಕಾರಣವಲ್ಲ ಎಂದ. ದೊರೆಯ ಅನ್ನ ಉಂಡು ದೊರೆಗೆ ಹೀಗೆ ಹೇಳುವ ಧೈರ್ಯ ಎಲ್ಲ ಕಾಲದಲ್ಲೂ ಅಪರೂಪ.

ಹಲಗಲಿಯನ್ನು ಆ ತಕ್ಕಡಿಗೆ ಹಾಕೋಣ. ಅಧಿಕಾರ: ಒಂದು ವ್ಯಾಪಾರಿ ಕಂಪನಿಯದು, ಅದೂ ಇನ್ನೊಬ್ಬ ದೊರೆಯ ಸಂಸ್ಥಾನದ ಊರಿನಲ್ಲಿ. ಕಾರಣ: ಬೇಟೆಯನ್ನೂ ಕಾವಲನ್ನೂ ಕಸುಬಾಗಿಸಿಕೊಂಡವರು ತಮ್ಮ ಕತ್ತಿ, ಬಂದೂಕು ಬಿಡಲಿಲ್ಲ. ಹತಾರ ಕೊಟ್ಟ ಬೇಡನಿಗೆ ಮಾನವೂ ಹೋಯಿತು, ಅನ್ನವೂ ಹೋಯಿತು. ಉದ್ದೇಶ: ಸುತ್ತಲಿನ ಸಂಸ್ಥಾನಗಳಿಗೆ ಭಯ ಹುಟ್ಟಿಸುವುದು. ಗಲ್ಲಿನ ಕಂಬವನ್ನು ಊರ ನಡುವೆ ನೆಡುವವನ ಉದ್ದೇಶ ಸತ್ತವನ ಬಗ್ಗೆ ಅಲ್ಲ, ನೋಡುವವನ ಬಗ್ಗೆ. ಜನರನ್ನು ಹೆದರಿಸಲೆಂದೇ ಮಾಡುವ ಹಿಂಸೆಗೆ ಈಗ ನಾವು ಭಯೋತ್ಪಾದನೆ ಎನ್ನುತ್ತೇವೆ. ಸರಕಾರ ಮಾಡಿದರೆ ಅದಕ್ಕೆ ಬೇರೆ ಹೆಸರು ಯಾಕೆ ಬೇಕು, ನನಗೆ ತಿಳಿಯುವುದಿಲ್ಲ.

ಯೆಹೂದ್ಯರ ಧರ್ಮಶಾಸ್ತ್ರ ಇನ್ನೂ ನೇರವಾಗಿ ಮಾತಾಡುತ್ತದೆ. ಮೋಶೆಯ ಐದು ಗ್ರಂಥಗಳಲ್ಲಿ ಕೊನೆಯದಾದ ಧರ್ಮೋಪದೇಶಕಾಂಡದ 20ನೇ ಅಧ್ಯಾಯ ಯುದ್ಧದ ಕಟ್ಟಳೆಗಳನ್ನು ಹೇಳುತ್ತದೆ. ಊರಿನ ಮೇಲೆ ಬೀಳುವ ಮೊದಲು ಸಂಧಿಗೆ ಕರೆಯಬೇಕು. ಮುತ್ತಿಗೆ ಎಷ್ಟು ದಿನ ನಡೆದರೂ ಹಣ್ಣಿನ ಮರ ಕಡಿಯಬಾರದು. ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ, ಅಲ್ಮೊಹಾದ್ ದೊರೆಗಳ ಕಾಟಕ್ಕೆ ಮನೆಮಂದಿಯೊಡನೆ ಊರು ಬಿಟ್ಟು, ಈಜಿಪ್ಟಿನಲ್ಲಿ ವೈದ್ಯನಾಗಿ ಬಾಳಿದ ಮೈಮೊನಿಡಿಸ್ 12ನೇ ಶತಮಾನದಲ್ಲಿ ಈ ಕಟ್ಟಳೆಗಳನ್ನೆಲ್ಲ ಒಟ್ಟುಗೂಡಿಸಿದ. ಅದರಲ್ಲಿ ಒಂದು ನನ್ನ ಎದೆಗೆ ತಾಗಿತು. ಊರಿಗೆ ಮುತ್ತಿಗೆ ಹಾಕುವಾಗ ನಾಲ್ಕೂ ದಿಕ್ಕು ಕಟ್ಟಬಾರದು, ಮೂರು ಮಾತ್ರ. ಜೀವ ಉಳಿಸಿಕೊಳ್ಳಬೇಕು ಎನ್ನುವವನು ಓಡಿಹೋಗಲು ನಾಲ್ಕನೇ ದಿಕ್ಕು ತೆರೆದಿರಬೇಕು. ಸ್ವತಃ ಓಡಿ ಬಂದವನೊಬ್ಬ ಈ ಮಾತನ್ನು ಬರೆದಿಟ್ಟ ಎಂಬುದು ನನಗೆ ದೊಡ್ಡದು. ಬೆಂಕಿ ಬಿದ್ದ ಹಲಗಲಿಯ ಹೆಂಗಸರು, ಮಕ್ಕಳ ವಿಷಯದಲ್ಲಿ ಆ ಒಂದು ದಿಕ್ಕಿನ ಮಾತು ಯಾವ ಸಾಹೇಬನಿಗೂ ನೆನಪಾಗಲಿಲ್ಲ.

ಅದೇ 20ನೇ ಅಧ್ಯಾಯದಲ್ಲಿ, ಕೆಲವೇ ವಚನಗಳ ಅಂತರದಲ್ಲಿ, ಕಾನಾನಿನ ಊರುಗಳಲ್ಲಿ ಉಸಿರಾಡುವ ಯಾವುದನ್ನೂ ಉಳಿಸಬೇಡಿ ಎಂಬ ಆಜ್ಞೆಯೂ ಇದೆ. ಬೇರೊಂದು ಗ್ರಂಥದಲ್ಲಿ ಅಮಾಲೇಕ್ಯರನ್ನು ಮಕ್ಕಳು, ದನಕರುಗಳ ಸಮೇತ ಮುಗಿಸು ಎಂದು ಸೌಲ ರಾಜನಿಗೆ ಹೇಳಿದ ಕಥೆಯಿದೆ. ಇದನ್ನು ಮರೆಮಾಚಿ ಮಾತಾಡುವುದು ಸುಳ್ಳಾಗುತ್ತದೆ. ಆದರೆ ರೋಮಿನ ವಿರುದ್ಧ ಎದ್ದು ಕ್ರಿ.ಶ. 70ರಲ್ಲಿ ದೇವಾಲಯ ಕಳಕೊಂಡು, ಬಾರ್ ಕೋಖ್ಬಾನ ಬಂಡಾಯದಲ್ಲಿ 135ರ ಹೊತ್ತಿಗೆ ಊರೂರು ಕಳಕೊಂಡ ಯೆಹೂದ್ಯ ಪಂಡಿತರು ಆ ವಚನಗಳ ಹಲ್ಲು ಕಿತ್ತರು. ಅಸ್ಸೀರಿಯದ ದೊರೆ ಸನ್ಹೇರೀಬನು ಜನಾಂಗಗಳನ್ನೆಲ್ಲ ಕಲಸಿಬಿಟ್ಟಿದ್ದಾನೆ, ಹಳೆಯ ಹೆಸರಿನ ಜನ ಇಂದು ಯಾರೆಂದು ಗುರುತಿಸಲಾಗದು ಎಂದರು. ಶತ್ರು ಯಾರೆಂದು ಗೊತ್ತಾಗದಿದ್ದರೆ ಕೊಲ್ಲುವ ಆಜ್ಞೆ ಯಾರ ಮೇಲೆ ನಡೆಯಬೇಕು? 1096ರಲ್ಲಿ ಜೆರುಸಲೇಮಿಗೆಂದು ಹೊರಟ ಕ್ರೈಸ್ತ ದಂಡು ದಾರಿಯಲ್ಲಿ ವರ್ಮ್ಸ್, ಮೈಂಜ್ ಊರುಗಳ ಯೆಹೂದ್ಯರನ್ನು ಕೊಂದಾಗ ಈ ಎಚ್ಚರ ಕೊಂದವರಲ್ಲಿ ಇರಲಿಲ್ಲ. ಕೊಂದವರೂ ಸತ್ತವರೂ ಪವಿತ್ರವೆಂದು ಕಣ್ಣಿಗೆ ಒತ್ತಿಕೊಂಡದ್ದು ಅವೇ ಮೋಶೆಯ ಗ್ರಂಥಗಳನ್ನು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಹಲಗಲಿಗೆ ಬಂದ ಕುದುರೆಗಳ ಮೇಲೆ ಕೂತವರೆಲ್ಲ ಕ್ರೈಸ್ತರಲ್ಲ. ಸದರ್ನ್ ಮರಾಠಾ ಹಾರ್ಸ್ ಎಂಬ ಆ ದಂಡಿನ ಸವಾರರು ಈ ನೆಲದ ಹಿಂದೂಗಳು, ಮುಸಲ್ಮಾನರು. ಬೀಸುಕಲ್ಲು ಹೊತ್ತವನ ಮನೆಯಲ್ಲೂ ಬೀಸುಕಲ್ಲು ಇತ್ತು. ಬಂಡಾಯದವರ ಕೈಯೂ ಯಾವಾಗಲೂ ತೊಳೆದ ಕೈಯಲ್ಲ. 1858ರ ಮೇ 29ರಂದು ನರಗುಂದದ ದೊರೆ ಬಾಬಾಸಾಹೇಬ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು ತಲೆಯನ್ನು ನರಗುಂದಕ್ಕೆ ಒಯ್ದು ತೂಗುಹಾಕಿದ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಬಾಬಾಸಾಹೇಬನ ಶೌರ್ಯಕ್ಕೆ ನಾನು ತಲೆಬಾಗುತ್ತೇನೆ, ಊರ ಬಾಗಿಲಿಗೆ ಕಟ್ಟಿದ ಆ ತಲೆಗೆ ಅಲ್ಲ.

ಕ್ರೈಸ್ತರಲ್ಲೇ ಬೇರೆ ದನಿಗಳಿದ್ದವು. 1857ರ ಜುಲೈ 31ರಂದು ಗವರ್ನರ್ ಜನರಲ್ ಕ್ಯಾನಿಂಗ್, ಕಂಡಕಂಡವರನ್ನು ಗಲ್ಲಿಗೆ ಹಾಕಬೇಡಿ ಎಂದು ಆದೇಶ ಹೊರಡಿಸಿದ. ಅವನ ದೇಶದ ಪತ್ರಿಕೆಗಳೇ ಅವನನ್ನು ದಯಾಳು ಕ್ಯಾನಿಂಗ್ ಎಂದು ಹಂಗಿಸಿದವು. ದಯೆ ಬೈಗುಳವಾದ ವರ್ಷ ಅದು. ಕ್ವೇಕರರೆಂಬ ಕ್ರೈಸ್ತ ಪಂಗಡದವರು 17ನೇ ಶತಮಾನದಿಂದಲೇ ಯಾವ ಕಾರಣಕ್ಕೂ ಆಯುಧ ಹಿಡಿಯುವುದಿಲ್ಲ ಎಂದು ಸಾರಿ ಹಾಗೆಯೇ ನಡೆದುಕೊಂಡಿದ್ದರು. ಆ ದನಿಗಳು ಹಲಗಲಿಗೆ ಬಂದ ದಂಡಿನ ತನಕ ಮುಟ್ಟಲಿಲ್ಲ.

ಆ ಐತವಾರದ ಬಗ್ಗೆ ನನ್ನನ್ನು ಹೆಚ್ಚು ಕಾಡಿದ್ದು ಇದು. ನವೆಂಬರ್ 30ಕ್ಕೆ ಹತ್ತಿರದ ಐತವಾರದಿಂದ ಕ್ರೈಸ್ತರ ಆಗಮನ ಕಾಲ, ಕ್ರಿಸ್ಮಸ್ಸಿನ ಸಿದ್ಧತೆ, ಶುರುವಾಗುತ್ತದೆ. 1857ರಲ್ಲಿ ಅದು ನವೆಂಬರ್ 29. ಚರ್ಚ್ ಆಫ್ ಇಂಗ್ಲೆಂಡಿನ 1662ರ ಪ್ರಾರ್ಥನಾ ಪುಸ್ತಕದಲ್ಲಿ ಆ ದಿನ ಓದಲು ಗೊತ್ತುಮಾಡಿದ ಪತ್ರಭಾಗ ರೋಮಿನವರಿಗೆ ಬರೆದ ಪತ್ರದ ಅದೇ 13ನೇ ಅಧ್ಯಾಯ! ಖಡ್ಗದ ಏಳು ವಚನ ಬಿಟ್ಟು ಎಂಟನೆಯದರಿಂದ. ಪ್ರೀತಿಯೊಂದನ್ನು ಬಿಟ್ಟು ಯಾರಿಗೂ ಯಾವ ಸಾಲವೂ ಇರದಿರಲಿ, ಕೊಲ್ಲಬಾರದು, ಕದಿಯಬಾರದು ಎಂಬ ಆಜ್ಞೆಗಳೆಲ್ಲ ನೆರೆಯವನನ್ನು ಪ್ರೀತಿಸು ಎಂಬ ಒಂದರಲ್ಲೇ ಅಡಗಿವೆ, ಕತ್ತಲೆಯ ಕೆಲಸ ಬಿಟ್ಟು ಬೆಳಕಿನ ಆಯುಧ ತೊಡಿರಿ ಎಂಬ ಅರ್ಥದ ಮಾತುಗಳು ಅಲ್ಲಿಂದ ಮುಂದೆ ಬರುತ್ತವೆ. ಹಲಗಲಿ ಮುತ್ತಿಗೆಯಲ್ಲಿದ್ದ ದಿನ ಅವರ ಚರ್ಚುಗಳಲ್ಲಿ ಓದಬೇಕಾಗಿದ್ದ ಪಾಠ ಅದು. ಇನ್ನೊಂದು: ಸ್ಪರ್ಜನ್ ಉಪವಾಸದ ದಿನ ಉಪದೇಶಕ್ಕೆ ಆರಿಸಿಕೊಂಡದ್ದು ಪ್ರವಾದಿ ಮೀಕನ 6ನೇ ಅಧ್ಯಾಯದ ವಚನ, ದೇವರ ಬೆತ್ತದ ಬಗ್ಗೆ. ಎರಡು ಅಧ್ಯಾಯ ಹಿಂದೆ ಅದೇ ಮೀಕ ಕತ್ತಿಗಳನ್ನು ಬಡಿದು ನೇಗಿಲ ಕುಡ ಮಾಡುವ ಕಾಲ ಬರುತ್ತದೆ ಎಂದಿದ್ದಾನೆ. ನಮ್ಮ ಲಾವಣಿಯ ಲೂಟಿಯ ಪಟ್ಟಿಯಲ್ಲಿ ಕುಡವೂ ಇದೆ. ಮೀಕ ಕನಸಿದ ಕುಡವನ್ನೇ ಕತ್ತಿಯವರು ಹೊತ್ತುಕೊಂಡು ಹೋದರು.

ದೇವರ ಹೆಸರಿನಲ್ಲಿ ಹಿಡಿದ ಖಡ್ಗ ಕಂಪನಿಯ ಕಾಲಕ್ಕೇ ಮುಗಿಯಲಿಲ್ಲ, ಸರಕಾರದ ಕೈಯಿಂದ ಒಬ್ಬೊಬ್ಬರ ಕೈಗೂ ಇಳಿಯಿತು. 1994ರ ಫೆಬ್ರವರಿ 25ರಂದು ಹೆಬ್ರೋನಿನಲ್ಲಿ ಬಾರೂಖ್ ಗೋಲ್ಡ್‌ಸ್ಟೀನ್ ಎಂಬ ಯೆಹೂದ್ಯ ವೈದ್ಯ ನಮಾಜಿನಲ್ಲಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಅದೇ ವರ್ಷ ಜುಲೈಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಪಾಲ್ ಹಿಲ್ ಎಂಬ ಮಾಜಿ ಪಾದ್ರಿ ಗರ್ಭಪಾತ ಮಾಡುತ್ತಿದ್ದ ವೈದ್ಯನನ್ನೂ ಜೊತೆಗಿದ್ದ ಮುದುಕನೊಬ್ಬನನ್ನೂ ಕೊಂದು, ಅದು ತನ್ನ ಧರ್ಮ ಎಂದ. 1995ರ ನವೆಂಬರ್ 4ರಂದು ಇಸ್ರೇಲಿನ ಪ್ರಧಾನಿ ರಾಬಿನ್‌ರನ್ನು ಕೊಂದ ಯಿಗಾಲ್ ಅಮೀರ್, ಕೊಲ್ಲಲು ಬೆನ್ನಟ್ಟಿ ಬರುವವನನ್ನು ತಡೆಯಲು ಕೊಲ್ಲಬಹುದು ಎಂಬ ಹಳೆಯ ಯೆಹೂದ್ಯ ಕಟ್ಟಳೆಯನ್ನು ಮುಂದೆ ಮಾಡಿದ. ಈ ಮೂವರಿಗೂ ಓದು ಬರುತ್ತಿತ್ತು, ಗ್ರಂಥ ಕೈಯಲ್ಲಿತ್ತು. ನೆರೆಯವನನ್ನು ಪ್ರೀತಿಸು ಎಂಬ ಮಾತಿನ ತನಕ ಪುಟ ತಿರುಗಿಸಲಿಲ್ಲ.

ಹಲಗಲಿ ಸುಟ್ಟ ಕಾಲಕ್ಕೆ ಕನ್ನಡದಲ್ಲಿ ಬೈಬಲ್ಲು ಆಗಲೇ ಇತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಮಾಡಿದ ಪೂರ್ತಿ ಅನುವಾದ 1831ಕ್ಕೆ ಮುಗಿದಿತ್ತು. ಹಲಗಲಿಯವರ ಕಡೆಯ ಸುದ್ದಿ ಉಳಿದದ್ದು ಮಾತ್ರ ಲಾವಣಿಯಿಂದ, ಮತ್ತು ಅದನ್ನು ಬರೆದುಕೊಂಡು 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದ ಜಾನ್ ಫೇತ್‌ಫುಲ್ ಫ್ಲೀಟ್‌ನಿಂದ. ಅವನೂ ಅದೇ ಸರಕಾರದ ಅಧಿಕಾರಿ, ತನ್ನವರ ವಿರುದ್ಧದ ಸಾಕ್ಷಿಯನ್ನು ತನ್ನ ಕೈಯಾರೆ ಕಾಪಾಡಿದವನು. ಅದಕ್ಕೆ ನಮ್ಮ ಸೀಮೆ ಅವನಿಗೆ ಋಣಿ.

ಈ ಲಾವಣಿ ಕಲಿಸುವ ಮಾಸ್ತರರಿಗೆ, ಬಾಯಿಯವರಿಗೆ ನನ್ನದೊಂದು ಕೋರಿಕೆ ಇದೆ. ಕಾಳಗದ ನುಡಿಗಳನ್ನು ರಾಗವಾಗಿ ಹಾಡಿಸಿರಿ, ಆದರೆ ಲೂಟಿಯ ಪಟ್ಟಿ ಬಂದಾಗ ನಿಧಾನಿಸಿರಿ. ಒಂದೊಂದು ವಸ್ತುವನ್ನೂ ಮಕ್ಕಳಿಂದ ಓದಿಸಿರಿ. ಆಮೇಲೆ ಮೂರು ದಿಕ್ಕಿನ ಮುತ್ತಿಗೆಯ ಕಟ್ಟಳೆಯನ್ನೂ ಆ ಐತವಾರದ ಪಾಠವನ್ನೂ ಹೇಳಿರಿ. ಮಕ್ಕಳು ಕ್ರೈಸ್ತರನ್ನೋ ಯೆಹೂದ್ಯರನ್ನೋ ದ್ವೇಷಿಸಿಕೊಂಡು ತರಗತಿಯಿಂದ ಏಳಬಾರದು. ಕರ್ನಲ್ ಮಾಲ್ಕಂನನ್ನು ಅವನದೇ ಗ್ರಂಥದ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳಲು ಕಲಿತು ಏಳಬೇಕು. ಅದೇ ಪ್ರಶ್ನೆಯನ್ನು ಅವರು ನಾಳೆ ನಮ್ಮ ನಮ್ಮ ಗ್ರಂಥಗಳ ಮುಂದೆ ನಮ್ಮನ್ನೇ ನಿಲ್ಲಿಸಿ ಕೇಳಿದರೆ, ದಯವಿಟ್ಟು ಅವರನ್ನು ಕೂಡಿಸಬೇಡಿರಿ.