ಒಂದು ಬಿಳಿ ಮಾತ್ರೆಯ ಪೂರ್ವಾಪರ

ಆಫೀಸಿನಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್ಪಿಗೆ ಹೋಗಿದ್ದೆ. ಪುಕ್ಕಟೆ, ಜೊತೆಗೆ ಅರ್ಧ ದಿನ ಕೆಲಸದಿಂದ ಬಿಡುವು ಅಂತ ಖುಷಿಯಾಗಿ ಹೋದವನು ಮಧುಮೇಹಿ ಅನ್ನೋ ಬಿರುದು ಹೊತ್ತುಕೊಂಡು ವಾಪಸ್ ಬಂದೆ. ಖಾಲಿ ಹೊಟ್ಟೆಯ ಸಕ್ಕರೆ 148. ಇನ್ನೊಂದು ಲ್ಯಾಬಿನಲ್ಲಿ ಮಾಡಿಸಿದರೂ ಹೆಚ್ಚುಕಮ್ಮಿ ಅಷ್ಟೇ. ವಯಸ್ಸು ಇಪ್ಪತ್ತೆಂಟು! "ಟೈಪ್ ಟೂ. ಮನೇಲಿ ಯಾರಿಗಾದ್ರೂ ಇದ್ಯಾ?" ಅಂತ ಡಾಕ್ಟರು ಕೇಳಿದ್ರು. ಅಜ್ಜಿಗೆ ಇತ್ತು, ಸೋದರಮಾವನಿಗೆ ಇದೆ. ಚೀಟಿಯಲ್ಲಿ ಬರೆದುಕೊಟ್ಟರು: ಮೆಟ್‌ಫಾರ್ಮಿನ್ 500 ಮಿ.ಗ್ರಾಂ, ರಾತ್ರಿ ಊಟದ ಜೊತೆ ಒಂದು.

ಮೊದಲ ನಾಲ್ಕು ದಿನ ಹೊಟ್ಟೆಯ ಅವಸ್ಥೆ ಹೇಳಬಾರದು. ಮೀಟಿಂಗಿನ ಮಧ್ಯೆ ಎದ್ದು ಓಡುವ ಹಾಗಾಯ್ತು. ಅದೇ ಭಾನುವಾರ ತಿಪಟೂರಿನಿಂದ ದೊಡ್ಡಪ್ಪನ ಫೋನು. "ಲೋ, ಈ ವಯಸ್ಸಿಗೇ ಮಾತ್ರೆ ಶುರು ಹಚ್ಕೊಂಡ್ಯಾ? ಆ ಮಾತ್ರೆ ಕಿಡ್ನಿ ತಿಂದ್ಹಾಕುತ್ತೆ ಕಣೋ. ನಮ್ಮ ಪಕ್ಕದ ಬೀದಿ ಮೇಷ್ಟ್ರು ಏನಾದ್ರು ಗೊತ್ತಲ್ಲ? ಬಿಟ್ಟಾಕು. ತೋಟದಲ್ಲಿ ಮಧುನಾಶಿನಿ ಇದೆ, ಕಳಿಸ್ತೀನಿ." ನನಗೂ ಒಂದು ನೆಪ ಬೇಕಿತ್ತು ಅಂತ ಕಾಣುತ್ತೆ. ಮಾತ್ರೆ ನಿಲ್ಲಿಸಿಬಿಟ್ಟೆ. ಡಾಕ್ಟರಿಗೂ ಹೇಳಲಿಲ್ಲ, ಅಮ್ಮನಿಗೂ ಹೇಳಲಿಲ್ಲ.

ಆದರೆ ಕೋಡು ಬರೆಯುವವನ ಚಾಳಿ ಬಿಡಬೇಕಲ್ಲ. ಒಂದು ದೂರು ಬಂದರೆ ಅದು ಮೊದಲು ಎಲ್ಲಿ ಹುಟ್ಟಿತು ಅಂತ ಹಿಂದೆ ಹಿಂದೆ ಹೋಗಿ ನೋಡೋದು ನಮ್ಮ ಕೆಲಸ. "ಮಾತ್ರೆ ಕಿಡ್ನಿ ತಿನ್ನುತ್ತೆ" ಅನ್ನೋ ಮಾತು ಎಲ್ಲಿಂದ ಬಂತು ಅಂತ ಹುಡುಕಲು ಕೂತೆ. ಒಂದು ವಾರ ರಾತ್ರಿ ಓದಿದ್ದನ್ನೆಲ್ಲ ಇಲ್ಲಿ ಹೇಳ್ತಿದ್ದೀನಿ.

ಮೊದಲ ಆಶ್ಚರ್ಯ ಏನಂದ್ರೆ, ಈ "ಇಂಗ್ಲಿಷ್ ಮಾತ್ರೆ"ಯ ವಂಶವೃಕ್ಷದ ಬುಡದಲ್ಲೂ ಒಂದು ಗಿಡವೇ ಇದೆ. ನಮ್ಮ ಅವರೆ, ತೊಗರಿಯ ಕುಟುಂಬಕ್ಕೇ ಸೇರಿದ ಯುರೋಪಿನ ಗಿಡ, ಹೆಸರು ಗಲೆಗಾ ಅಫಿಸಿನಾಲಿಸ್. ಅಲ್ಲಿನ ನಾಟಿ ವೈದ್ಯದಲ್ಲಿ ಬಹಳ ಹಿಂದಿನಿಂದ ಇತ್ತು. ಹಾಲು ಹೆಚ್ಚಿಸುತ್ತೆ ಅನ್ನೋ ನಂಬಿಕೆಯಿಂದ ಗ್ರೀಕಿನ ಹಾಲಿನ ಪದವೇ ಅದರ ಹೆಸರಿಗೆ ಸೇರಿಕೊಂಡಿದೆ. ಇದರಲ್ಲಿ ಗ್ವಾನಿಡಿನ್ ಜಾತಿಯ ರಾಸಾಯನಿಕಗಳಿವೆ. 1918ರಲ್ಲಿ ವಟನಬೆ ಅನ್ನೋ ಸಂಶೋಧಕರು ಗ್ವಾನಿಡಿನ್ ಪ್ರಾಣಿಗಳ ರಕ್ತದ ಸಕ್ಕರೆ ಇಳಿಸುತ್ತೆ ಅಂತ ತೋರಿಸಿದರು. ತಮಾಷೆ ಅಂದ್ರೆ ಅವರು ಹುಡುಕುತ್ತಿದ್ದದ್ದು ಪ್ಯಾರಾಥೈರಾಯ್ಡ್ ಗ್ರಂಥಿಯ ವಿಚಾರ, ಸಕ್ಕರೆಯದಲ್ಲ! ಆದರೆ ಗ್ವಾನಿಡಿನ್ ವಿಷ. ಗಲೆಗಾ ಗಿಡವೂ ಅಷ್ಟೇ, ಹೆಚ್ಚು ಮೇಯ್ದರೆ ಕುರಿಗಳು ಸಾಯುತ್ತವೆ. ಹಾಗಾಗಿ "ಗಿಡದ್ದು, ಏನೂ ಆಗಲ್ಲ" ಅನ್ನೋ ಮಾತು ಇಲ್ಲಿಗೇ ಮುಗೀತು.

1922. ಆ ವರ್ಷದ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಮೊದಲ ಬಾರಿಗೆ ಮಧುಮೇಹದ ಹುಡುಗನೊಬ್ಬನಿಗೆ ಇನ್ಸುಲಿನ್ ಕೊಟ್ಟರು. ಅದೇ ವರ್ಷ ಐರ್ಲೆಂಡಿನ ಡಬ್ಲಿನ್‌ನಲ್ಲಿ ವರ್ನರ್ ಮತ್ತು ಬೆಲ್ ಅನ್ನೋ ಇಬ್ಬರು ರಸಾಯನಶಾಸ್ತ್ರಜ್ಞರು ಡೈಮೀಥೈಲ್ ಬೈಗ್ವಾನೈಡ್ ತಯಾರಿಸಿದರು. ಅದೇ ಇವತ್ತಿನ ಮೆಟ್‌ಫಾರ್ಮಿನ್. ಅವರಿಗೆ ಅದು ಸಕ್ಕರೆ ಕಾಯಿಲೆಯ ಔಷಧಿ ಆದೀತು ಅನ್ನೋ ಯೋಚನೆಯೇ ಇರಲಿಲ್ಲ. 1929ರಲ್ಲಿ ಜರ್ಮನಿಯಲ್ಲಿ ಸ್ಲಾಟಾ ಮತ್ತು ಚೆಷೆ, ಈ ಜಾತಿಯ ವಸ್ತುಗಳು ಮೊಲಗಳ ಸಕ್ಕರೆ ಇಳಿಸುತ್ತವೆ ಅಂತ ತೋರಿಸಿದರು. ಅಷ್ಟು ಹೊತ್ತಿಗೆ ಇನ್ಸುಲಿನ್ ಎಲ್ಲರ ಕಣ್ಣು ಕೋರೈಸಿತ್ತು. ಜೊತೆಗೆ 1926ರಲ್ಲಿ ಬಂದಿದ್ದ ಸಿಂಥಾಲಿನ್ ಅನ್ನೋ ಗ್ವಾನಿಡಿನ್ ಸಂಬಂಧಿ ಮಾತ್ರೆ ಲಿವರಿಗೆ ಹಾನಿ ಮಾಡಿ ಇಡೀ ವಂಶಕ್ಕೇ ಕೆಟ್ಟ ಹೆಸರು ತಂದಿತ್ತು. ಮೆಟ್‌ಫಾರ್ಮಿನ್ ಸುಮಾರು ಮೂವತ್ತೈದು ವರ್ಷ ಕಪಾಟಿನಲ್ಲೇ ಕೂತಿತ್ತು. ಆ ಅವಧಿಯಲ್ಲಿ ಎಷ್ಟು ಜನ ಸತ್ತಿರಬಹುದು ಅಂತ ಯೋಚಿಸಿದ್ರೆ ಹೊಟ್ಟೆ ತೊಳಸುತ್ತೆ.

ಅದನ್ನು ಕಪಾಟಿನಿಂದ ಈಚೆ ತಂದದ್ದು ಫ್ಲೂ ಜ್ವರ. 1949ರ ಸುಮಾರಿಗೆ ಫಿಲಿಪೈನ್ಸಿನ ವೈದ್ಯ ಯುಸೆಬಿಯೋ ಗಾರ್ಸಿಯಾ ಇದನ್ನು ಫ್ಲುಮಮೀನ್ ಅನ್ನೋ ಹೆಸರಿನಲ್ಲಿ ಫ್ಲೂಗೆ ಕೊಡುತ್ತಿದ್ದರು. ಸಕ್ಕರೆ ಇಳಿಯುವುದು ಅವರ ಗಮನಕ್ಕೂ ಬಂತು. ಆ ವರದಿ ಫ್ರಾನ್ಸಿನ ಜ್ಯಾನ್ ಸ್ಟರ್ನ್ ಕಣ್ಣಿಗೆ ಬಿತ್ತು. ಸ್ಟರ್ನ್ ತರುಣರಾಗಿದ್ದಾಗಲೇ ಗಲೆಗಾ ಗಿಡದ ಗಲೆಜಿನ್ ಮೇಲೆ ಕೆಲಸ ಮಾಡಿದ್ದವರು, ಹಾಗಾಗಿ ಕಿವಿ ನೆಟ್ಟಗಾಯ್ತು. ರೋಗಿಗಳಿಗೆ ಕೊಟ್ಟು ಪರೀಕ್ಷಿಸಿ 1957ರಲ್ಲಿ ಪ್ರಕಟಿಸಿದರು. ಅವರಿಟ್ಟ ಹೆಸರು ಗ್ಲೂಕೋಫೇಜ್, ಅಂದ್ರೆ ಗ್ಲೂಕೋಸ್ ತಿನ್ನುವವ. ಮರುವರ್ಷ ಬ್ರಿಟನ್ನಿಗೂ ಬಂತು.

ಅಲ್ಲಿಗೆ ಸುಖಾಂತ್ಯ ಅಂದ್ಕೊಂಡ್ರಾ? ನಾನೂ ಹಾಗೇ ಅಂದ್ಕೊಂಡಿದ್ದೆ. ಅದೇ ಹೊತ್ತಿಗೆ ಇದರ ದಾಯಾದಿ ಫೆನ್‌ಫಾರ್ಮಿನ್ ಅಮೆರಿಕದಲ್ಲಿ ಬಂತು. ಇನ್ನೂ ಜೋರು ಔಷಧಿ, ಇನ್ನೂ ಹೆಚ್ಚು ಮಾರಾಟ. ಆದರೆ ಅದನ್ನು ತೆಗೆದುಕೊಂಡ ಕೆಲವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಜೀವವೇ ಹೋಗತೊಡಗಿತು. 1977ರಲ್ಲಿ ಅಮೆರಿಕದ ಸರ್ಕಾರ ಅದನ್ನು ಸನ್ನಿಹಿತ ಅಪಾಯ ಅಂತ ಘೋಷಿಸಿ ಮಾರುಕಟ್ಟೆಯಿಂದ ತೆಗೆಸಿತು. ಒಂದೇ ಅಡ್ಡಹೆಸರಿನ ಅಣ್ಣ ಕಳ್ಳತನ ಮಾಡಿದರೆ ತಮ್ಮನಿಗೆ ಕೆಲಸ ಸಿಗೋದು ಕಷ್ಟ ಅಲ್ವಾ? ಮೆಟ್‌ಫಾರ್ಮಿನ್‌ಗೂ ಅದೇ ಆಯ್ತು. ಫೆನ್‌ಫಾರ್ಮಿನ್ ಲಿವರಿನಲ್ಲಿ ಕರಗಬೇಕು, ಕೆಲವರ ದೇಹ ಹುಟ್ಟಿನಿಂದಲೇ ಅದನ್ನು ನಿಧಾನವಾಗಿ ಕರಗಿಸುತ್ತೆ. ಮೆಟ್‌ಫಾರ್ಮಿನ್ ಬದಲಾಗದೆ ಹಾಗೇ ಮೂತ್ರದಲ್ಲಿ ಹೊರಗೆ ಹೋಗುತ್ತೆ. ಸ್ವಭಾವ ಬೇರೆ, ಅಪಾಯವೂ ಬಹಳ ಕಮ್ಮಿ. ಆದರೂ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟದ್ದು 1994ರ ಡಿಸೆಂಬರಿನಲ್ಲಿ!

ಈಗ ದೊಡ್ಡಪ್ಪನ ಕಿಡ್ನಿ ವಿಷಯಕ್ಕೆ ಬರ್ತೀನಿ. ಮೇಲಿನ ಸಾಲು ಇನ್ನೊಮ್ಮೆ ಓದಿ: ಈ ಮಾತ್ರೆ ಹೊರಗೆ ಹೋಗುವ ದಾರಿ ಕಿಡ್ನಿ. ಕಿಡ್ನಿ ಸೋತರೆ ಮಾತ್ರೆ ಮೈಯಲ್ಲೇ ಉಳಿದು ಶೇಖರವಾಗುತ್ತೆ, ಆಗ ಲ್ಯಾಕ್ಟಿಕ್ ಆಮ್ಲದ ಭಯ ನಿಜವಾಗುತ್ತೆ. ಅದಕ್ಕೇ ಕಿಡ್ನಿ ದುರ್ಬಲವಾದಾಗ ಡಾಕ್ಟರು ಇದನ್ನು ಕಡಿಮೆ ಮಾಡ್ತಾರೆ, ತೀರಾ ಇಳಿದರೆ ನಿಲ್ಲಿಸ್ತಾರೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದರ ಲೆಕ್ಕವನ್ನು ಸ್ಪಷ್ಟ ಮಾಡಿದರು. ಕಿಡ್ನಿ ಸೋಸುವ ಪ್ರಮಾಣ, ಅಂದ್ರೆ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಬರುವ ಅಂಕಿ, 30ಕ್ಕಿಂತ ಕೆಳಗಿದ್ದರೆ ಕೊಡಬಾರದು. ಸ್ವಲ್ಪವೇ ಕಮ್ಮಿ ಇದ್ದರೆ ಹೆದರಬೇಕಿಲ್ಲ.

ಪಕ್ಕದ ಬೀದಿ ಮೇಷ್ಟ್ರ ಕಥೆ ಈಗ ಹೀಗೆ ಓದಿಕೊಳ್ಳಬಹುದು ಅನ್ನಿಸ್ತು. ಇಪ್ಪತ್ತು ವರ್ಷ ಸಕ್ಕರೆ ಇತ್ತು, ನಿಯಂತ್ರಣ ಇರಲಿಲ್ಲ ಅಂತ ಅಮ್ಮನೇ ಹೇಳ್ತಿದ್ದಳು. ಆ ಸಕ್ಕರೆ ನಿಧಾನವಾಗಿ ಕಿಡ್ನಿ ತಿಂತು. ಕಿಡ್ನಿ ಕೆಟ್ಟಿದ್ದರಿಂದ ಡಾಕ್ಟರು ಮಾತ್ರೆ ನಿಲ್ಲಿಸಿದ್ರು. ಊರಿನವರು ನೋಡಿದ್ದು ಇಷ್ಟೇ: ಮಾತ್ರೆ ನುಂಗ್ತಿದ್ರು, ಕಿಡ್ನಿ ಹೋಯ್ತು, ಡಾಕ್ಟರೇ ಮಾತ್ರೆ ಬಿಡಿಸಿದ್ರು. ಕಾರಣ ಪರಿಣಾಮ ಎರಡೂ ಅದಲುಬದಲಾಗಿ ಸುದ್ದಿ ಹರಡಿತು. ನಮ್ಮಲ್ಲೂ ಸರ್ವರ್ ಬಿದ್ದ ಮೇಲೆ ಬಂದ ಎಚ್ಚರಿಕೆಯ ಮೆಸೇಜನ್ನೇ ಸರ್ವರ್ ಬೀಳಲು ಕಾರಣ ಅನ್ನೋರು ಇದ್ದಾರೆ :-)

ಹಾಗಾದ್ರೆ ಈ ಮಾತ್ರೆ ಮೇಲೆ ನಂಬಿಕೆ ಬಂದದ್ದು ಯಾವಾಗ? ಬ್ರಿಟನ್ನಿನಲ್ಲಿ 1977ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯ್ತು, ಯುಕೆಪಿಡಿಎಸ್ ಅಂತ. ಆಗತಾನೆ ಮಧುಮೇಹ ಗೊತ್ತಾದ 5,102 ಜನರನ್ನು ಸೇರಿಸಿಕೊಂಡರು. ಫಲಿತಾಂಶ ಬಂದದ್ದು 1998ರಲ್ಲಿ, ಇಪ್ಪತ್ತೊಂದು ವರ್ಷದ ಮೇಲೆ. ತೂಕ ಹೆಚ್ಚಿದ್ದವರಲ್ಲಿ 342 ಜನರಿಗೆ ಮೆಟ್‌ಫಾರ್ಮಿನ್ ಕೊಟ್ಟಿದ್ದರು. ಮುಖ್ಯವಾಗಿ ಪಥ್ಯವನ್ನೇ ನೆಚ್ಚಿಕೊಂಡಿದ್ದ ಗುಂಪಿಗೆ ಹೋಲಿಸಿದರೆ ಇವರಲ್ಲಿ ಮಧುಮೇಹಕ್ಕೆ ಸಂಬಂಧಿಸಿದ ತೊಂದರೆಗಳು ಶೇ. 32, ಒಟ್ಟು ಸಾವುಗಳು ಶೇ. 36 ಕಮ್ಮಿ. ನಮ್ಮ ಹತ್ತಿರದ ಲೆಕ್ಕವೂ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇನ್ನೂ ಮಧುಮೇಹ ಬಾರದೆ ಅಂಚಿನಲ್ಲಿದ್ದ 531 ಜನರ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಯ್ತು. ನಡಿಗೆ ಮತ್ತು ಊಟದ ಬದಲಾವಣೆಯಿಂದ ಕಾಯಿಲೆ ಬರುವ ಸಾಧ್ಯತೆ ಶೇ. 28.5 ಇಳಿಯಿತು, ಈ ಮಾತ್ರೆಯಿಂದ ಶೇ. 26.4. ಇದನ್ನು ಓದಿದ ದಿನ ಲಿಫ್ಟ್ ಬಿಟ್ಟು ಐದನೇ ಮಹಡಿಗೆ ಮೆಟ್ಟಿಲು ಹತ್ತಿದೆ.

ಮಾತ್ರೆಯಲ್ಲಿ ಏನೂ ದೋಷವಿಲ್ಲ ಅಂತಲ್ಲ. ಶುರುವಿನಲ್ಲಿ ಹೊಟ್ಟೆ ಕೆಡೋದು ಬಹಳ ಜನಕ್ಕೆ ಆಗುತ್ತೆ, ಅದಕ್ಕೇ ಕಮ್ಮಿ ಪ್ರಮಾಣದಿಂದ ಶುರು ಮಾಡಿ ನಿಧಾನವಾಗಿ ಏರಿಸ್ತಾರೆ. ತುಂಬಾ ವರ್ಷ ತೆಗೆದುಕೊಂಡರೆ ಬಿ12 ವಿಟಮಿನ್ ಇಳಿಯಬಹುದು, ಆಗಾಗ ನೋಡಿಸಿಕೊಳ್ಳಬೇಕು.

ಹನ್ನೆರಡು ದಿನ ಮಾತ್ರೆ ಬಿಟ್ಟವನು ಹೋಗಿ ಡಾಕ್ಟರ ಮುಂದೆ ತಲೆ ತಗ್ಗಿಸಿ ಕೂತೆ. ಬೈದ್ರು. ಆಮೇಲೆ ನಿಧಾನವಾಗಿ ಕರಗುವ ಮಾತ್ರೆ ಬರೆದುಕೊಟ್ರು, ಕಿಡ್ನಿ ಪರೀಕ್ಷೆಯ ರಿಪೋರ್ಟು ತೋರಿಸಿ "ಇದು ಚೆನ್ನಾಗಿದೆ, ಹೀಗೇ ಇರಲಿ ಅಂತಾನೇ ಮಾತ್ರೆ" ಅಂದ್ರು. ಈಗ ಹೊಟ್ಟೆ ಸುಮ್ಮನಿದೆ.

ಮೊನ್ನೆ ದೊಡ್ಡಪ್ಪನಿಗೆ ಫೋನ್ ಮಾಡಿ ಇಷ್ಟೂ ಕಥೆ ಹೇಳಿದೆ. ಕುರಿ ಸಾಯೋ ಗಿಡದ ವಿಷಯ ಕೇಳಿ ಅವರಿಗೆ ಭಾರಿ ಖುಷಿ. ಮೇಷ್ಟ್ರ ವಿಷಯಕ್ಕೆ ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾದ್ರು. "ದೊಡ್ಡಪ್ಪ, ನೀವು ಶುಗರ್ ಟೆಸ್ಟ್ ಯಾವಾಗ ಮಾಡಿಸಿದ್ದು?" ಅಂತ ಕೇಳಿದೆ.

"ಇಲ್ಲ ಕಣೋ, ಮಾಡ್ಸೇ ಇಲ್ಲ. ಇದೆ ಅಂದ್ಬಿಟ್ರೆ ಆ ಮಾತ್ರೆ ಕೊಡ್ತಾರಲ್ಲ ಅಂತ..."

ವಯಸ್ಸು ಅರವತ್ತೆಂಟು. ರಾತ್ರಿ ನಾಲ್ಕು ಸಲ ಎದ್ದು ಹೋಗ್ತಾರೆ ಅಂತ ದೊಡ್ಡಮ್ಮ ಹೇಳೋದನ್ನ ಎಷ್ಟೋ ಸಲ ಕೇಳಿದ್ದೀನಿ, ಕಿವಿಗೆ ಹಾಕಿಕೊಂಡಿರಲಿಲ್ಲ. ಶನಿವಾರ ಬೆಳಿಗ್ಗೆ ತಿಪಟೂರಿಗೆ ಹೊರಟಿದ್ದೀನಿ. ಖಾಲಿ ಹೊಟ್ಟೆಯಲ್ಲಿರಿ ಅಂತ ಹೇಳಿದ್ದೀನಿ. ಮಧುನಾಶಿನಿ ಸೊಪ್ಪು ಕಿತ್ತಿಟ್ಟಿರ್ತೀನಿ ಅಂದ್ರು. ಆಯ್ತು ದೊಡ್ಡಪ್ಪ, ಇಟ್ಟಿರಿ ಅಂದೆ.