ಕ್ರೂಸ್ ಹಡಗಿಗೆ ಮನೆಯ ರೊಟ್ಟಿ, ಹಿಂಡಿ, ಅಂಟಿನ ಉಂಡೆ ಒಯ್ಯಬಹುದೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಒಣ ತಿಂಡಿಗೆ ಎಲ್ಲೂ ತಡೆಯಿಲ್ಲ, ಎಷ್ಟು ಬೇಕಾದರೂ ಒಯ್ಯಬಹುದು. ಹೊರಗಿನ ಊಟ ತಡೆಯಲು ಯಾರಿಗೂ ಹಕ್ಕಿಲ್ಲ, ಕೋರ್ಟೇ ಹೇಳಿದೆ. ಡಾಕ್ಟರ್ ಚೀಟಿ ಇದ್ದರೆ ಯಾವ ಡಬ್ಬಿಯನ್ನೂ ಮುಟ್ಟುವಂತಿಲ್ಲ. ಪ್ರವಾಸದ ಸೀಸನ್ ಬಂತೆಂದರೆ ಇಂಥ ಅರ್ಥದ ಸಂದೇಶಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತತೊಡಗುತ್ತವೆ.

ಕ್ರೂಸ್ ಎಂದರೆ ಈಗ ಸಿನಿಮಾದವರಿಗೆ ಮಾತ್ರ ಸೇರಿದ್ದಲ್ಲ. ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಓಡಾಟ ಶುರು ಮಾಡಿತು. ಸಿಂಗಾಪುರ, ದುಬೈಗಳಿಂದ ಹೊರಡುವ ಹಡಗುಗಳ ಪ್ಯಾಕೇಜುಗಳನ್ನೂ ಟ್ರಾವೆಲ್ ಏಜೆಂಟರು ಮಾರುತ್ತಾರೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೆಲಸಕ್ಕಿರುವ ಮಕ್ಕಳು ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿರುವ ತಂದೆ-ತಾಯಿಗೆ ಟಿಕೆಟ್ ಮಾಡಿಸಿದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಸಮುದ್ರದ್ದಲ್ಲ, ಊಟದ್ದು. ‘ಅಲ್ಲಿ ನಮಗ ಏನ್ ಸಿಗತೈತಿ? ನಾಲ್ಕು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರ ಆತು.’

ನೇರ ಉತ್ತರ ಇದು: ಕಂಪನಿಯೇ ಪ್ಯಾಕ್ ಮಾಡಿ ಸೀಲ್ ಹಾಕಿದ, ಇನ್ನೂ ಒಡೆಯದ ಒಣ ತಿಂಡಿಯನ್ನು ಸ್ವಲ್ಪ ಪ್ರಮಾಣದಲ್ಲಿ ಒಯ್ಯಲು ಹಲವು ಕ್ರೂಸ್ ಕಂಪನಿಗಳು ಬಿಡುತ್ತವೆ. ಮನೆಯಲ್ಲಿ ಮಾಡಿದ್ದನ್ನು ಬಹುತೇಕ ಕಂಪನಿಗಳು ಬಿಡುವುದಿಲ್ಲ. ರೊಟ್ಟಿ ಹಡಗಿನ ಬಾಗಿಲಲ್ಲಿ ಸಿಕ್ಕಿಬಿದ್ದರೆ ಹೋಗುವುದು ರೊಟ್ಟಿ ಮಾತ್ರ. ಆದರೆ ಅದೇ ಚೀಲದ ಅಂಟಿನ ಉಂಡೆಯಲ್ಲಿ ಕಸಕಸಿ ಇದ್ದು, ನೀವು ದುಬೈ ಅಥವಾ ಸಿಂಗಾಪುರದಲ್ಲಿ ಇಳಿಯುವವರಾಗಿದ್ದರೆ ಜೈಲಿನವರೆಗೂ ಹೋಗಬೇಕಾದೀತು. ಫಾರ್ವರ್ಡುಗಳಲ್ಲಿ ಬಿಟ್ಟುಹೋಗುವ ಸಂಗತಿ ಇದೇ.

ಕೋರ್ಟ್ ಹೇಳಿದ್ದೇನು?

‘ಕೋರ್ಟ್ ಹೇಳಿದೆ’ ಎಂಬ ಮಾತಿಗೊಂದು ಹಿನ್ನೆಲೆಯಿದೆ. ಸಿನಿಮಾ ಮಂದಿರಕ್ಕೆ ಹೊರಗಿನ ತಿಂಡಿ ತರುವುದನ್ನು ತಡೆಯಬಾರದು ಎಂದು ಜಮ್ಮು-ಕಾಶ್ಮೀರ ಹೈಕೋರ್ಟ್ 2018ರಲ್ಲಿ ಆದೇಶಿಸಿದ್ದು ನಿಜ. ಆ ಆದೇಶವನ್ನು ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ರದ್ದು ಮಾಡಿತು. ಮಂದಿರ ಖಾಸಗಿ ಜಾಗ, ಹೊರಗಿನ ತಿಂಡಿ ಬೇಡ ಎನ್ನುವ ಅಧಿಕಾರ ಮಾಲೀಕರಿಗಿದೆ ಎಂದಿತು. ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಹಸುಗೂಸಿನ ಆಹಾರವನ್ನು ತಡೆಯಬಾರದು ಎಂದೂ ಹೇಳಿತು. ಹಳೆಯ ಆದೇಶದ ಸುದ್ದಿ ಇನ್ನೂ ಫೋನಿನಿಂದ ಫೋನಿಗೆ ಓಡುತ್ತಿದೆ, ಅದನ್ನು ರದ್ದು ಮಾಡಿದ ಸುದ್ದಿ ಅಷ್ಟು ವೇಗವಾಗಿ ಓಡಲಿಲ್ಲ. ತೀರ್ಪು ಸಿನಿಮಾ ಮಂದಿರಗಳ ಬಗ್ಗೆ, ಹಡಗಿನ ಬಗ್ಗೆ ಅಲ್ಲ. ಹಡಗಿನಲ್ಲಿ ನಡೆಯುವುದು ಟಿಕೆಟ್ ಜೊತೆ ನೀವು ಒಪ್ಪಿಕೊಂಡ ಷರತ್ತು.

ಹಡಗಿನವರು ದುಡ್ಡಿಗಾಗಿ ತಡೆಯುತ್ತಾರೆಯೇ?

ಮದ್ಯ, ತಂಪು ಪಾನೀಯದ ವಿಷಯದಲ್ಲಿ ಈ ಅನುಮಾನಕ್ಕೆ ಆಧಾರವಿದೆ. ಅವು ಹಡಗಿನಲ್ಲಿ ಸಾಮಾನ್ಯವಾಗಿ ಬೇರೆ ಬಿಲ್. ಊಟದ ಲೆಕ್ಕ ಬೇರೆ: ಮೂರೂ ಹೊತ್ತಿನ ಊಟ ಟಿಕೆಟ್ ದರದಲ್ಲೇ ಸೇರಿರುತ್ತದೆ, ನೀವು ರೊಟ್ಟಿ ತಿಂದರೆ ಹಡಗಿಗೆ ಉಳಿತಾಯವೇ. ಹಾಗಿದ್ದೂ ತಡೆಯಲು ಮುಖ್ಯ ಕಾರಣ, ಸಮುದ್ರದ ನಡುವೆ ಸಾವಿರಾರು ಜನ ಒಂದೇ ಕಟ್ಟಡದಂಥ ಜಾಗದಲ್ಲಿ ಇರುತ್ತಾರೆ ಎಂಬುದು.

ಹಡಗಿನವರು ತುಂಬ ಹೆದರುವ ರೋಗಾಣುಗಳಲ್ಲಿ ನೊರೊವೈರಸ್ ಒಂದು. ವಾಂತಿ-ಭೇದಿ ತರುವ ಈ ವೈರಸ್ಸಿನ ಕೆಲವೇ ಕಣಗಳು ಹೊಟ್ಟೆಗೆ ಹೋದರೂ ಸಾಕು, ಸಾಮಾನ್ಯವಾಗಿ 12ರಿಂದ 48 ಗಂಟೆಯೊಳಗೆ ಲಕ್ಷಣ ಕಾಣುತ್ತದೆ. ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಇದರ ಮೇಲೆ ಚೆನ್ನಾಗಿ ಕೆಲಸ ಮಾಡುವುದಿಲ್ಲ, ಸೋಪು-ನೀರೇ ಬೇಕು. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 1970ರ ದಶಕದಿಂದಲೂ ಕ್ರೂಸ್ ಹಡಗುಗಳ ನೈರ್ಮಲ್ಯ ತಪಾಸಣೆ ನಡೆಸುತ್ತಿದೆ. ಅದರ ವ್ಯಾಪ್ತಿಯ ಹಡಗಿನಲ್ಲಿ ಪ್ರಯಾಣಿಕರು ಅಥವಾ ಸಿಬ್ಬಂದಿಯ ಪೈಕಿ ಶೇ 3ರಷ್ಟು ಜನರಿಗೆ ಹೊಟ್ಟೆ ಕೆಟ್ಟರೆ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತದೆ.

ಇಲ್ಲಿ ನಿಮ್ಮ ರೊಟ್ಟಿ ತಪ್ಪಿತಸ್ಥ ಅಲ್ಲ, ಅದನ್ನು ಹೇಳಲೇಬೇಕು. ನೊರೊವೈರಸ್ ಹೆಚ್ಚಾಗಿ ಹರಡುವುದು ಮನುಷ್ಯರಿಂದ ಮನುಷ್ಯರಿಗೆ. ಚೆನ್ನಾಗಿ ಒಣಗಿದ ಖಡಕ್ ರೊಟ್ಟಿ ಹಡಗಿನ ಬಫೆಯ ಹಲವು ಪದಾರ್ಥಗಳಿಗಿಂತ ಸುರಕ್ಷಿತವೇ ಇರಬಹುದು. ಆದರೆ ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ನಿಮ್ಮ ಡಬ್ಬಿಯನ್ನು ಪರೀಕ್ಷಿಸುವ ದಾರಿಯಿಲ್ಲ. ಹಡಗಿನ ಅಡುಗೆಮನೆಯ ಆಹಾರಕ್ಕೆ ತಾಪಮಾನದ ದಾಖಲೆ ಇರುತ್ತದೆ, ನಾಳೆ ನಲವತ್ತು ಜನ ಮಲಗಿದರೆ ಎಲ್ಲಿಂದ ಬಂತೆಂದು ಹುಡುಕಬಹುದು. ಮನೆಯ ಡಬ್ಬಿಗೆ ಲೇಬಲ್ ಕೂಡ ಇರುವುದಿಲ್ಲ. ಒಬ್ಬರ ರೊಟ್ಟಿ ಬಿಟ್ಟು ಇನ್ನೊಬ್ಬರ ಮೀನಿನ ಸಾರು ತಡೆದರೆ ಜಗಳ ಬೇರೆ.

ಎಲೆಕ್ಟ್ರಿಕ್ ಕೆಟಲ್, ಪುಟ್ಟ ರೈಸ್ ಕುಕ್ಕರ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿ ಪೆಟ್ಟಿಗೆ ಸಿಕ್ಕರೂ ತೆಗೆದಿಡುತ್ತಾರೆ. ಇದಕ್ಕೆ ಕಾರಣ ಬೆಂಕಿ. ಹಡಗಿನಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಬೀದಿಯಿಲ್ಲ.

ಕಸಕಸಿ: ನಮ್ಮಲ್ಲಿ ಕಿರಾಣಿ, ಅಲ್ಲಿ ಮಾದಕ ವಸ್ತು

ಗಸಗಸೆ, ನಮ್ಮ ಕಡೆ ಕಸಕಸಿ, ಅಫೀಮಿನ ಗಿಡದ ಬೀಜ. ಕಾಯಿಯನ್ನು ಗೀರಿದಾಗ ಬರುವ ಹಾಲಿನಂಥ ರಸದಿಂದ ಅಫೀಮು ಆಗುತ್ತದೆ, ಅದರಲ್ಲಿ ಮಾರ್ಫಿನ್ ಇರುತ್ತದೆ. ಬೀಜದೊಳಗೆ ಮಾರ್ಫಿನ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾಯಿ ಒಡೆದು ಬೀಜ ಬೇರ್ಪಡಿಸುವಾಗ ರಸ, ಸಿಪ್ಪೆಯ ಪುಡಿ ಹೊರಮೈಗೆ ಅಂಟಿಕೊಳ್ಳುತ್ತದೆ. ಪಾಯಸಕ್ಕೆ ಹಾಕುವಷ್ಟರಿಂದ ಅಮಲೇರುವುದಿಲ್ಲ, ಮೂತ್ರ ಪರೀಕ್ಷೆಯಲ್ಲಿ ಮಾತ್ರ ಕಾಣಿಸಿಕೊಳ್ಳಬಹುದು. ಅಮೆರಿಕದ ರಕ್ಷಣಾ ಇಲಾಖೆ ಇದೇ ಕಾರಣಕ್ಕೆ ಗಸಗಸೆ ತಿನ್ನದಿರುವಂತೆ ತನ್ನ ಸೈನಿಕರಿಗೆ 2023ರ ಫೆಬ್ರವರಿಯಲ್ಲಿ ಸೂಚಿಸಿತು.

ಭಾರತದಲ್ಲಿ ಇದನ್ನು ಇಟ್ಟುಕೊಳ್ಳುವುದು ತಪ್ಪಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ಒಣ ಭಾಗಗಳನ್ನು ನಿಯಂತ್ರಿಸುತ್ತದೆ, ಬೀಜವನ್ನು ಹೊರಗಿಡುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಕೆಲ ಭಾಗಗಳಲ್ಲಿ ಲೈಸೆನ್ಸ್ ಪಡೆದ ರೈತರು ಇದನ್ನು ಬೆಳೆಯುತ್ತಾರೆ. ಹಾಗಾಗಿ ಸಿಂಧನೂರಿನ ಯಾವ ಕಿರಾಣಿ ಅಂಗಡಿಯಲ್ಲಾದರೂ ಕೇಳಿ ತರಬಹುದು.

ಯುಎಇಯಲ್ಲಿ, ಸೌದಿ ಅರೇಬಿಯಾದಲ್ಲಿ ಲೆಕ್ಕ ಬೇರೆ. ಅಲ್ಲಿ ಬೀಜವೇ ನಿಷಿದ್ಧ. ಸಿಂಗಾಪುರದಲ್ಲೂ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ‘ಹುರಿದಿದ್ದೇವೆ’, ‘ಒಂದು ಚಮಚ ಅಷ್ಟೇ’, ‘ಬೆಲ್ಲದ ಪಾಕದಲ್ಲಿ ಸೇರಿಹೋಗಿದೆ’ ಎಂಬ ಮಾತು ನಡೆಯುವುದಿಲ್ಲ. ಹುರಿದರೆ, ತೊಳೆದರೆ ಮಾರ್ಫಿನ್ ಅಂಶ ಕಡಿಮೆಯಾಗುತ್ತದೆ, ಆದರೆ ಕಾನೂನು ನೋಡುವುದು ಬೀಜ ಇದೆಯೋ ಇಲ್ಲವೋ ಎಂಬುದನ್ನು. ಹಜ್‌ಗೆ ಹೋಗುವವರಿಗೆ ಇದು ಹೊಸ ವಿಷಯವಲ್ಲ. ಖಸ್‌ಖಸ್ ಒಯ್ಯಬೇಡಿ ಎಂದು ಅವರಿಗೆ ಹಜ್ ಸಮಿತಿಯ ಸೂಚನೆಗಳಲ್ಲೇ ತಿಳಿಸುತ್ತಾರೆ. ಕ್ರೂಸ್ ಪ್ಯಾಕೇಜ್ ಮಾರುವ ಏಜೆಂಟರೂ ಇಷ್ಟು ಹೇಳಿದರೆ ಒಳ್ಳೆಯದಿತ್ತು.

ನಮ್ಮ ಅಡುಗೆಯಲ್ಲಿ ಕಸಕಸಿ ಎಲ್ಲೆಲ್ಲಿ ಅಡಗಿರುತ್ತದೆ ನೋಡಿ. ಅಂಟಿನ ಉಂಡೆಯಲ್ಲಿ, ಬಾಣಂತಿಗೆ ಕಟ್ಟುವ ಉಂಡೆಯಲ್ಲಿ. ಹಲವು ಕಡೆ ಕರದಂಟಿನಲ್ಲಿ. ಲಿಂಗಸುಗೂರಿನವರಿಗೆ ಅಮೀನಗಡದ ಕರದಂಟು ಪಕ್ಕದೂರಿನ ತಿಂಡಿಯಿದ್ದಂತೆ, ಉಡುಗೊರೆಗೆ ಮೊದಲು ನೆನಪಾಗುವುದೇ ಅದು. ಅನಾರಸದ ಮೇಲ್ಮೈಯಲ್ಲಿ ಕಣ್ಣಿಗೇ ಕಾಣುತ್ತದೆ. ಮನೆಯಲ್ಲಿ ಕುಟ್ಟಿದ ಮಾಂಸದ ಮಸಾಲೆ ಪುಡಿಯಲ್ಲಿ ಕಾಣುವುದಿಲ್ಲ. ಅಂಗಡಿಯ ಪ್ಯಾಕೆಟ್ಟಾದರೆ ಪದಾರ್ಥಗಳ ಪಟ್ಟಿ ಓದಬಹುದು, ಅಲ್ಲಿ ಇಂಗ್ಲಿಷಿನಲ್ಲಿ ‘ಪಾಪಿ ಸೀಡ್ಸ್’ ಎಂದು ಬರೆದಿರುತ್ತಾರೆ. ಮನೆಯದಾದರೆ ಮಾಡಿದವರನ್ನೇ ಕೇಳಬೇಕು. ಬೇಸಿಗೆಯ ಖಸ್ ಶರಬತ್ತು ಇದಕ್ಕೆ ಸಂಬಂಧಿಸಿದ್ದಲ್ಲ, ಅದು ಲಾವಂಚದ ಬೇರು. ಹೆಸರು ಹತ್ತಿರವಿರುವುದರಿಂದ ಗ್ರೂಪುಗಳಲ್ಲಿ ಎರಡನ್ನೂ ಒಂದೇ ಮಾಡಿಬಿಡುತ್ತಾರೆ.

ಇನ್ನೂ ಸೂಕ್ಷ್ಮವಾದದ್ದು ಬೇರೆಯವರ ಗಂಟು. ‘ಹೆಂಗೂ ದುಬೈಗೆ ಹೊಂಟೀರಿ, ಅಲ್ಲೇ ನಮ್ಮ ಹುಡುಗ ಇದ್ದಾನ, ಇದೊಂದು ಡಬ್ಬಿ ಮುಟ್ಟಿಸ್ರಿ ಕಾಕಾ’ ಎಂದರೆ ಇಲ್ಲ ಎನ್ನುವುದು ನಮ್ಮಲ್ಲಿ ಕಷ್ಟ. ಆದರೆ ಚೀಲ ಯಾರ ಹೆಸರಿನಲ್ಲಿದೆಯೋ ಅವರೇ ಉತ್ತರ ಹೇಳಬೇಕು. ಡಬ್ಬಿ ತೆರೆಸಿ, ಏನು ಹಾಕಿದ್ದಾರೆಂದು ಕೇಳಿ, ಕಸಕಸಿ ಇದ್ದರೆ ವಾಪಸ್ ಕೊಡಿ. ಯುಎಇಗೆ ಎಲೆ-ಅಡಕೆಯ ಚೀಲವೂ ಬೇಡ. ವೀಳ್ಯದೆಲೆ, ಪಾನ್ ಅಲ್ಲಿಯ ಕಸ್ಟಮ್ಸ್ ನಿಷೇಧಿತ ಪಟ್ಟಿಯಲ್ಲಿವೆ. ಸಿಂಗಾಪುರಕ್ಕೆ ಚೂಯಿಂಗ್ ಗಮ್ ತರುವುದಕ್ಕೆ 1992ರಿಂದ ನಿರ್ಬಂಧವಿದೆ.

ಕೊಬ್ಬರಿ ಮತ್ತು ಸಿಂಧನೂರಿನ ಅಕ್ಕಿ

ಹಡಗು ಹತ್ತುವ ಮುನ್ನ ಹಲವರು ವಿಮಾನ ಹತ್ತಬೇಕು. ಅಲ್ಲಿ ಅನಿರೀಕ್ಷಿತವಾಗಿ ಸಿಕ್ಕಿಬೀಳುವುದು ಒಣ ಕೊಬ್ಬರಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ರಾಶಿಯಾಗಿ ಬಿದ್ದಿದ್ದಾಗ ಎಣ್ಣೆ ಗಾಳಿಯೊಂದಿಗೆ ಸೇರಿ ನಿಧಾನಕ್ಕೆ ಬಿಸಿಯಾಗುತ್ತದೆ, ಬಿಸಿ ಹೊರಹೋಗದಿದ್ದರೆ ತಾನಾಗಿ ಹೊತ್ತಿಕೊಳ್ಳಲೂಬಹುದು. ಅಂತರರಾಷ್ಟ್ರೀಯ ಸಾಗಣೆ ನಿಯಮಗಳಲ್ಲಿ ಕೊಬ್ಬರಿ ‘ತಾನಾಗಿ ಉರಿಯಬಲ್ಲ’ ವಸ್ತುಗಳ ಗುಂಪಿನಲ್ಲಿದೆ. ಇಡೀ ಕೊಬ್ಬರಿ ಬಟ್ಟಲು ಇದ್ದರೆ ವಿಮಾನ ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ. ಉಪ್ಪಿನಕಾಯಿ, ತುಪ್ಪವನ್ನು ಕೈಚೀಲದಲ್ಲಿ ಇಡಬೇಡಿ.

ಅಕ್ಕಿಯ ಕತೆ ಹಡಗಿಗಿಂತ ದಡಕ್ಕೆ ಸೇರಿದ್ದು. ಮಗಳಿಗೆಂದು ಸಿಂಧನೂರಿನ ಸೋನಾ ಮಸೂರಿ ಅಕ್ಕಿಯನ್ನು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಒಯ್ಯುವ ಆಸೆ ಹಲವರಿಗೆ. ಎರಡೂ ದೇಶಗಳು ಪ್ರಯಾಣಿಕರ ಚೀಲದಲ್ಲಿ ಭಾರತದ ಅಕ್ಕಿಯನ್ನು ಬಿಡುವುದಿಲ್ಲ. ಕಾರಣ ಖಪ್ರಾ ಎಂಬ ಪುಟ್ಟ ದುಂಬಿ. ಇದರ ಮರಿಹುಳು ಆಹಾರವಿಲ್ಲದೆ ವರ್ಷಗಟ್ಟಲೆ ಬಿರುಕಿನಲ್ಲಿ ಅಡಗಿರಬಲ್ಲದು, ಒಮ್ಮೆ ಗೋದಾಮು ಹೊಕ್ಕರೆ ಓಡಿಸುವುದು ಬಲು ಕಷ್ಟ. ಹಡಗಿನ ಬಫೆಯಿಂದ ಎತ್ತಿಕೊಂಡ ಸೇಬು, ಬಾಳೆಹಣ್ಣಿಗೂ ಇಂಥದ್ದೇ ನಿಯಮ: ಹಡಗಿನಲ್ಲೇ ತಿಂದು ಮುಗಿಸಿ, ಕೈಯಲ್ಲಿ ಹಿಡಿದು ದಡಕ್ಕೆ ಇಳಿಯಬೇಡಿ. ನ್ಯೂಜಿಲೆಂಡಿನಲ್ಲಿ ಘೋಷಿಸದೆ ಮರೆತ ಒಂದು ಹಣ್ಣಿಗೆ 400 ಡಾಲರ್ ದಂಡ ಬೀಳಬಹುದು.

ಬಂದರಿನವರೆಗಿನ ಬುತ್ತಿ

ರಾಯಚೂರಿನಲ್ಲಿ ರೈಲು ಹತ್ತಿ ಮುಂಬೈ ಮುಟ್ಟುವವರೆಗೆ ಬುತ್ತಿಗೆ ಯಾರ ತಡೆಯೂ ಇಲ್ಲ. ಅಲ್ಲಿ ಕೆಲಸ ಮಾಡುವುದು ನಿಮ್ಮ ಅಜ್ಜಿಯ ಲೆಕ್ಕ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಬುತ್ತಿಯಲ್ಲಿ ಪಲ್ಯ, ಮೊಸರನ್ನ ಅಂದೇ ಖಾಲಿಯಾಗಬೇಕು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಉಳಿದರೂ ಚಿಂತೆಯಿಲ್ಲ. ವಿಜ್ಞಾನದ ಲೆಕ್ಕವೂ ಅದೇ: ಬ್ಯಾಕ್ಟೀರಿಯಾ ಬೆಳೆಯಲು ನೀರು ಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯಲ್ಲಿ ಅವುಗಳ ಕೈಗೆ ಸಿಗುವಷ್ಟು ನೀರಿಲ್ಲ. ಆದರೆ ಬಿಸಿ ರೊಟ್ಟಿಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಆವಿ ಒಳಗೇ ಹನಿಯಾಗಿ ಮರುದಿನಕ್ಕೆ ಬೂಸ್ಟು ಹಿಡಿಯುತ್ತದೆ. ಪೂರ್ತಿ ಆರಿಸಿ ಬಟ್ಟೆಯಲ್ಲಿ ಸುತ್ತಿ.

ಚಿತ್ರಾನ್ನದ ಬಗ್ಗೆ ಎಚ್ಚರ. ಬೇಯಿಸಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯನ್ನೂ ತಾಳಿ ಉಳಿಯಬಲ್ಲವು. ಬೆಚ್ಚಗಿನ ಡಬ್ಬಿಯಲ್ಲಿ ಅವು ಬೆಳೆದು ವಾಂತಿ ತರಿಸುವ ವಿಷ ಮಾಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಿಂಬೆ, ಹುಣಸೆಯ ಹುಳಿ ಬೆಳವಣಿಗೆಯನ್ನು ನಿಧಾನಿಸುತ್ತದೆ, ಪೂರ್ತಿ ತಡೆಯುತ್ತದೆ ಎಂದು ನಂಬಿಕೊಂಡು ಮರುದಿನಕ್ಕೆ ಉಳಿಸಬೇಡಿ. ಅನ್ನ, ಎಣ್ಣೆಗಾಯಿಯಂಥವು ಮೊದಲ ಹೊತ್ತಿಗೇ ಮುಗಿಯಲಿ. ಹೊಟ್ಟೆ ಕೆಟ್ಟು ಬಂದರಿಗೆ ಹೋದರೆ ಆರೋಗ್ಯದ ಫಾರ್ಮ್ ತುಂಬುವಾಗ ಅದನ್ನೂ ಬರೆಯಬೇಕಾಗುತ್ತದೆ, ಹಡಗು ಹತ್ತಿಸದೇ ಇರಲೂಬಹುದು.

ಸಕ್ಕರೆ ಕಾಯಿಲೆ, ಹಸುಗೂಸು, ಪಕ್ಕಾ ಸಸ್ಯಾಹಾರ

ಡಾಕ್ಟರ್ ಚೀಟಿ ಕೆಲಸಕ್ಕೆ ಬರುತ್ತದೆ, ಆದರೆ ಮಂತ್ರದಂಡವಲ್ಲ. ಮಗುವಿನ ಆಹಾರ, ಕಾಯಿಲೆಗೆ ಬೇಕಾದ ವಿಶೇಷ ಆಹಾರಕ್ಕೆ ಕಂಪನಿಗಳು ಸಾಮಾನ್ಯವಾಗಿ ಒಪ್ಪುತ್ತವೆ, ಮೊದಲೇ ತಿಳಿಸಿರಬೇಕು ಅಷ್ಟೇ. ಇನ್ಸುಲಿನ್ ತೆಗೆದುಕೊಳ್ಳುವವರು ಗ್ಲೂಕೋಸ್, ಸೀಲ್ ಇರುವ ಬಿಸ್ಕತ್ತಿನ ಪೊಟ್ಟಣವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಹಡಗು ಹತ್ತುವ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು, ದೊಡ್ಡ ಸೂಟ್‌ಕೇಸ್ ರೂಮಿಗೆ ಬರುವುದು ಸಂಜೆಗೆ. ಕಸಕಸಿಯ ಡಬ್ಬಿಗೆ ಮಾತ್ರ ಯಾವ ಡಾಕ್ಟರ್ ಚೀಟಿಯೂ ರಕ್ಷಣೆಯಲ್ಲ.

ಊಟದ ಚಿಂತೆ ಇರುವ ಹಿರಿಯರಿಗೆ ಬುತ್ತಿಗಿಂತ ಒಂದು ಫೋನ್ ಕರೆ ಹೆಚ್ಚು ಉಪಯೋಗ. ಮುಂಬೈಯಿಂದ ಹೊರಡುವ ಹಡಗಿನಲ್ಲಿ ಸಸ್ಯಾಹಾರ, ಜೈನ ಊಟ ಸಿಗುತ್ತದೆ. ಹೊರದೇಶದ ಹಡಗಾದರೆ ಟಿಕೆಟ್ ಮಾಡಿಸುವಾಗಲೇ ಭಾರತೀಯ ಸಸ್ಯಾಹಾರ ಬೇಕೆಂದು ಬರೆಸಿ, ಬರೆದದ್ದಕ್ಕೆ ಇಮೇಲ್ ಉತ್ತರ ಪಡೆದಿಟ್ಟುಕೊಳ್ಳಿ. ಅದೇ ಇಮೇಲಿನಲ್ಲಿ ಇನ್ನೆರಡು ಪ್ರಶ್ನೆ ಸೇರಿಸಿ: ಸೀಲ್ ಇರುವ ಯಾವ ತಿಂಡಿ ಎಷ್ಟು ತರಬಹುದು, ಮತ್ತು ಹಡಗು ಯಾವ ಯಾವ ದೇಶದ ಬಂದರಿನಲ್ಲಿ ನಿಲ್ಲುತ್ತದೆ. ಸೀಲ್ ಹಾಕಿದ ಪೊಟ್ಟಣದಲ್ಲಿ ಶೇಂಗಾ ಚಟ್ನಿಪುಡಿ, ಜೋಳದ ಖಡಕ್ ರೊಟ್ಟಿ ಈಗ ಅಂಗಡಿಗಳಲ್ಲೇ ಸಿಗುತ್ತವೆ. ರುಚಿ ಮನೆಯದರಷ್ಟು ಇರಲಿಕ್ಕಿಲ್ಲ, ಬಾಗಿಲು ದಾಟುವ ಸಾಧ್ಯತೆ ಮಾತ್ರ ಅದಕ್ಕೇ ಹೆಚ್ಚು.